ನಿಮ್ಮಪ್ಪನ ಒಸಡು

ಇಳಕಲ್ಲ
೧೪ ನವೆಂಬರ್ ೨೦೨೪

ಪ್ರೀತಿಯ ಮಗಳು ಮುಬಶೀರಾಳಿಗೆ ಅಮ್ಮನ ಸಲಾಮು, ಮಕ್ಕಳಿಗೆ ಮುತ್ತು.

ಬಾದಾಮಿಯಿಂದ ನೀನು ಎರಡು ಸಲ ಫೋನ್ ಮಾಡಿದರೂ ನಾನು ಸರಿಯಾಗಿ ಮಾತಾಡಲಿಲ್ಲ, ಬೇಜಾರಾಗಬೇಡ. ನಿಮ್ಮಪ್ಪ ಅಲ್ಲೇ ಮಗ್ಗದಲ್ಲಿ ಕೂತಿರುತ್ತಾರೆ. ಅದಕ್ಕೇ ಈ ಕಾಗದ, ಅದೂ ತಡವಾಗಿ.

ಅವರ ಸಕ್ಕರೆ ಮತ್ತೆ ಮುನ್ನೂರು ದಾಟಿದೆ. ನನಗೆ ಸಾಕುಸಾಕಾಗಿದೆ, ಮಗಳೇ. ಅನ್ನ ಬಿಡಿಸಿದೆ, ಸಿಹಿ ಚಹಾ ಬಿಡಿಸಿದೆ, ಮೆಂತ್ಯದ ನೀರು ಕುಡಿಸಿದೆ. ಈದ್ ದಿನ ಸುರಕುಂಬಾ ಪಾಯಸದ ಬಟ್ಟಲನ್ನು ಅವರ ಕೈಯಿಂದ ಕಸಿದುಕೊಂಡು ಬೀಗರ ಮುಂದೆ ಕೆಟ್ಟವಳಾದೆ. ಆದರೂ ಇಳಿಯಲಿಲ್ಲ ಅಂದರೆ ಕದ್ದು ತಿನ್ನುತ್ತಾರೆ ಅಂತಲೇ ಅಂದುಕೊಂಡು ಜೇಬು ತಡಕಿದೆ. ಸಿಕ್ಕಿದ್ದು ರಕ್ತದ ಕಲೆಯ ಕರವಸ್ತ್ರ. ಒಸಡಿನದಂತೆ. ಹೇಳುವುದಕ್ಕೇನು ಧಾಡಿ? ಕಾಲ್ಬೆರಳಿನ ಹುಣ್ಣು ಬೇರೆ ಎರಡು ತಿಂಗಳಿಂದ ಮಾಯುತ್ತಿಲ್ಲ. ಅದರಲ್ಲೇ ಮಗ್ಗ ತುಳಿಯುತ್ತಾರೆ.

ಕೊನೆಗೆ ಬಾಗಲಕೋಟೆಗೆ ಎಳೆದುಕೊಂಡು ಹೋದೆ. ಹಲ್ಲಿನ ಡಾಕ್ಟರು ಶಿವಗಂಗಾ ಅಂತ, ನಿನ್ನ ವಯಸ್ಸಿನ ಹುಡುಗಿ. ಒಸಡಿನೊಳಗೆಲ್ಲ ಕೀವು ತುಂಬಿದೆ, ಆ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಒಸಡನ್ನು ಇನ್ನಷ್ಟು ಕೆಡಿಸುತ್ತದೆ, ಎರಡಕ್ಕೂ ಒಟ್ಟಿಗೇ ಮದ್ದಾಗಬೇಕು ಎಂದಳು. ಮೂರು ವರ್ಷ ಸಕ್ಕರೆಗೆ ಮಾತ್ರೆ ಬರೆದವರಲ್ಲಿ ಒಬ್ಬರಾದರೂ ಬಾಯಿ ತೆರೆಸಿ ನೋಡಿದರೇ? ಓಣಿಯಲ್ಲಿ ಹೇಳಿದರೆ ಪಕ್ಕದ ಮನೆಯ ಲಲಿತಾ, "ಸಕ್ರಿ ಬ್ಯಾನಿಗೆ ಹಲ್ಲಿನ ದವಾಖಾನಿಗೆ ಹೋಗಿದ್ರೇನ್ರಿ?" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮೇಲಿನ ಎರಡು ಹಲ್ಲು ಕೀಳಿಸಿ ಒಸಡು ಸ್ವಚ್ಛ ಮಾಡಿಸಿದ್ದಾಯಿತು. ಇನ್ನೂ ಮೂರು ಸಲ ಹೋಗಬೇಕು. ಬೆರಳು ಉಳಿಯುತ್ತದೋ ತೆಗೆಯಬೇಕೋ ಅನ್ನುವುದನ್ನು ಕಾಲಿನ ಡಾಕ್ಟರು ಸೋಮವಾರ ಹೇಳುತ್ತಾರಂತೆ. ನಿಮ್ಮಪ್ಪ ಮಾತ್ರ ಸೀರೆ ಮುಗಿಸುವ ಚಿಂತೆಯಲ್ಲಿದ್ದಾರೆ.

ಅಳಿಯಂದಿರಿಗೆ ಸಲಾಮು ಹೇಳು. ಮಕ್ಕಳನ್ನು ಹಲ್ಲುಜ್ಜಿಸದೆ ಮಲಗಿಸಬೇಡ. ಅಲ್ಲಾಹ ನಿನ್ನ ಸಂಸಾರವನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ
ಲಾಡಬಿ

ತಾ.ಕ.: ಹಲ್ಲಿನ ಕಾಳಜಿ ಮಾಡದೆ ಕೈಯಾರೆ ತಂದುಕೊಂಡಿರಿ ಎಂದು ಮೊನ್ನೆ ಫೋನಿನಲ್ಲಿ ಅಪ್ಪನನ್ನು ಬೈದೆಯಲ್ಲ, ಇನ್ನು ಬೈಯಬೇಡ. ಹೋದ ವರ್ಷ ಇಲ್ಲೇ ಇಳಕಲ್ಲದಲ್ಲಿ ಆ ಎರಡು ಹಲ್ಲು ಕೀಳಿಸಲು ಅವರು ಡಾಕ್ಟರ ಕುರ್ಚಿಯಲ್ಲಿ ಕೂತಾಗಿತ್ತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ, ಸೀರೆಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವವರಿಗೆ ಕಣ್ಣು ಹೋದರೆ ಮಗ್ಗವೂ ಹೋದಂತೆ ಎಂದು ಕೈಹಿಡಿದು ಎಬ್ಬಿಸಿಕೊಂಡು ಬಂದವಳು ನಾನು. ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಶಿವಗಂಗಾ ಕೇಳಿದಾಗ ಅವರು, "ನನಗ ಅಂಜಿಕಿ ಆಗಿತ್ರಿ" ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ.