ಇನ್ನು ನಾಲ್ಕೇ ಗಾಡಿ

ಬಂದರಿನ ಲಾರಿ ಸರದಿ ಕಚೇರಿಯಲ್ಲಿ ಕುಳಿತು, ಚಾಲಕರೆಲ್ಲ ಎಲ್ಲಿ ಹೋದರೆಂದು ಹುಡುಕುತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ಎಲ್ಲರ ವಿಷಯ ನನಗೆ ತಿಳಿಯದು, ಒಬ್ಬನ ವಿಳಾಸ ಮಾತ್ರ ಬಲ್ಲೆ. ಮಆನ್ ಊರಿನ ಖಬರಸ್ತಾನ, ಪೂರ್ವದ ಗೋಡೆಯಿಂದ ಮೂರನೇ ಸಾಲು. ಹೆಸರು ಅತಾಲ್ಲಾ. ಕಳೆದ ಆಗಸ್ಟಿನಲ್ಲಿ ತಮ್ಮ ಮೈದಾನದಲ್ಲಿ ಹನ್ನೊಂದು ದಿನ ಸರದಿ ಕಾದು, ಅಲ್ಲೇ ಸತ್ತ. ಆದರೆ ತಮ್ಮ ಕಚೇರಿಯ ಕಾಗದದ ಪ್ರಕಾರ ಅವನು ಸತ್ತಿಲ್ಲ, ಹಾಜರಿದ್ದಾನೆ. ಆ ಒಂದು ಕಾಗದದ ದೆಸೆಯಿಂದ ಅವನ ಹೆಂಡತಿ ಫಿದ್ದಾಳಿಗೆ ಎಂಟು ತಿಂಗಳಿಂದ ಪಿಂಚಣಿ ಬಂದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಮೊನ್ನೆ ರೇಡಿಯೊದಲ್ಲಿ ತಾವು ಬಹಳ ನೊಂದು ಮಾತನಾಡಿದಿರಿ. ಸರಕಿದೆ, ಲಾರಿ ಇದೆ, ಓಡಿಸುವವರಿಲ್ಲ, ಇಂದಿನವರಿಗೆ ಮೈ ಬಗ್ಗುವುದಿಲ್ಲ ಎಂದಿರಿ. ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಕುಳಿತು ಕೇಳಿಸಿಕೊಂಡೆ. ಸುತ್ತ ಕುಳಿತವರಲ್ಲಿ ಆರು ಮಂದಿ ಸ್ವಂತ ಲಾರಿ ಮಾರಿದವರು. ಒಬ್ಬ ಈಗ ಕೋಳಿ ಮಾರುತ್ತಾನೆ. ಇನ್ನೊಬ್ಬ ಶಾಲೆಯ ಗೇಟು ಕಾಯುತ್ತಾನೆ, ಅಲ್ಲಿ ಕಾಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಇನ್ನೂ ಅಚ್ಚರಿಪಡುತ್ತಾನೆ. ತಮ್ಮ ಮೈದಾನದಲ್ಲಿ ಕಾಯುವುದಕ್ಕೆ ಚಿಕ್ಕಾಸೂ ಇಲ್ಲ. ಚಕ್ರ ಉರುಳಿದರಷ್ಟೇ ಕೂಲಿ. ದೊಡ್ಡ ಕಂಪನಿಗಳ ಲಾರಿಗಳು ಇನ್ನೊಂದು ಗೇಟಿನಿಂದ ಸಲೀಸಾಗಿ ಒಳಗೆ ಹೋಗಿ ತುಂಬಿಕೊಂಡು ಬರುವುದನ್ನು ನೋಡುತ್ತ, ಒಂದೇ ಲಾರಿಯನ್ನು ನಂಬಿಕೊಂಡ ನಾವು ಈ ಗೇಟಿನ ಹೊರಗೆ ಬೇಯುತ್ತಿದ್ದೆವು.

ಬಾಡಿಗೆಯ ವಿಷಯಕ್ಕೆ ಬರೋಣ. ಕನಿಷ್ಠ ದರದ ಪಟ್ಟಿಯನ್ನು ತಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಸಿದ್ದೀರಿ. ಗಾಜನ್ನು ದಿನವೂ ಒರೆಸುತ್ತಾರೆ, ಬಹಳ ಸಂತೋಷ. ಅದರ ಕೆಳಗೆಯೇ ಕುರ್ಚಿ ಹಾಕಿಕೊಂಡು ಕೂರುವ ದಲ್ಲಾಳಿ ಅದರಲ್ಲಿ ಮೂರನೇ ಒಂದು ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾನೆ, ಪೂರ್ತಿ ಸಂದಿದೆ ಎಂದು ಸಹಿ ಮಾಡಿಸಿಕೊಳ್ಳುತ್ತಾನೆ. ಬಾಯಿ ತೆರೆದರೆ, "ಬೇಡಾಂದ್ರೆ ಬಿಡಪ್ಪ, ನಿನ್ನ ಹಿಂದೆ ಇನ್ನೂರು ಗಾಡಿ ನಿಂತಿದೆ" ಎನ್ನುತ್ತಾನೆ. ಕನಿಷ್ಠ ಎಂಬ ಮಾತಿಗೆ ತಮ್ಮ ನಿಘಂಟಿನಲ್ಲಿ ಏನು ಅರ್ಥವಿದೆಯೋ ನಾನರಿಯೆ.

ಇನ್ನು ತಮ್ಮ ನಿಯಮ. ಧ್ವನಿವರ್ಧಕದಲ್ಲಿ ಮೂರು ಸಲ ನಂಬರು ಕೂಗುತ್ತಾರೆ. ಕಾಲು ಗಂಟೆಯೊಳಗೆ ಚಾಲಕ ಲೈಸೆನ್ಸು ಹಿಡಿದು ಖುದ್ದು ಕಿಟಕಿಯಲ್ಲಿ ಮುಖ ತೋರಿಸಬೇಕು. ತಪ್ಪಿದರೆ ಸಾಲಿನ ಕೊನೆಗೆ. ಅಣ್ಣ ಬಂದರೂ ನಡೆಯದು, ತಮ್ಮ ಬಂದರೂ ನಡೆಯದು. ಈ ನಿಯಮ ನಮ್ಮ ರಕ್ತಕ್ಕೇ ಇಳಿದಿತ್ತು. ನಿದ್ದೆ ಹೋದವನನ್ನು ಹಿಂದಿನವನು ಎಬ್ಬಿಸುತ್ತಾನೆ, ಬ್ಯಾಟರಿ ಸತ್ತ ಗಾಡಿಯನ್ನು ಎಲ್ಲರೂ ಸೇರಿ ತಳ್ಳುತ್ತೇವೆ. ಒಬ್ಬನ ಸರದಿಯನ್ನು ಇನ್ನೊಬ್ಬ ನುಂಗಿದರೆ ಅವನ ಮನೆಗೆ ನಾವು ಹೆಣ್ಣು ಕೊಡುವುದಿಲ್ಲ.

ಅತಾಲ್ಲಾ ಮುನ್ನೂರ ಹದಿನೆಂಟು. ಅವನ ಬೆನ್ನಿಗೆ ನಾನು, ಮುನ್ನೂರ ಹತ್ತೊಂಬತ್ತು. ಹನ್ನೊಂದನೇ ದಿನದ ಬೆಳಿಗ್ಗೆ ಒಂಬತ್ತಕ್ಕೆ ಲಾರಿಯ ಮಗ್ಗುಲಿನ ನೆರಳಿನಲ್ಲಿ ಚಹಾ ಕಾಯಿಸುತ್ತಿದ್ದಾಗ ಅವನು ಎಡಗೈ ಸೆಳೆಯುತ್ತಿದೆ ಎಂದ. ಹಣೆ ಬೆವರುತ್ತಿತ್ತು. ಅಲ್ಲಿ ಯಾರ ಹಣೆ ಬೆವರುವುದಿಲ್ಲ? ಆಸ್ಪತ್ರೆಗೆ ಹೋಗಿ ಬರಲಾ ಎಂದು ನನ್ನನ್ನು ಕೇಳಿದ. ನಾನು ಎದ್ದು ಮುಂದೆ ನಿಂತಿದ್ದ ಲಾರಿಗಳನ್ನು ಎಣಿಸಿದೆ. ಕಾಯಿಲೆಯವನ ನಾಡಿ ಹಿಡಿಯುವುದು ಬಿಟ್ಟು ಸಾಲಿನಲ್ಲಿರುವ ಗಾಡಿ ಎಣಿಸುವ ಬುದ್ಧಿ ನಮ್ಮವರಿಗಲ್ಲದೆ ಇನ್ನಾರಿಗೂ ಬರಲಾರದು.

"ಇನ್ನು ನಾಲ್ಕೇ ಗಾಡಿ, ಅತಾ. ಲೋಡ್ ಹಾಕ್ಕೊಂಡು ದಾರೀಲಿ ತೋರಿಸ್ಕೊಂಡ್ರಾಯ್ತು," ಎಂದೆ.

"ಅದೂ ಸರಿ ಅಬು ಸಹಮ್. ಈಗ ಎದ್ದು ಹೋದ್ರೆ ಮತ್ತೆ ಹನ್ನೊಂದು ದಿನ. ಅಷ್ಟೊತ್ತಿಗೆ ಫಿದ್ದಾ ನನ್ನ ಮುಖಾನೇ ಮರ್ತಿರ್ತಾಳೆ," ಎಂದು, ಎಂದಿನಂತೆ ನನ್ನನ್ನು ಮಗನ ಹೆಸರು ಹಿಡಿದು ಕರೆದು ನಕ್ಕು, ಹೋಗಿ ಸ್ಟೀರಿಂಗ್ ಹಿಂದೆ ಕುಳಿತ.

ಆ ನಾಲ್ಕು ಗಾಡಿಗೆ ಎರಡು ಗಂಟೆ ಹಿಡಿಯಿತು. ಕಿಟಕಿಯ ಗುಮಾಸ್ತರು ಬೆಳಗಿನ ತಿಂಡಿಗೆ ಎದ್ದಿದ್ದರು. ಹನ್ನೊಂದು ದಾಟಿದ ಮೇಲೆ ಮುನ್ನೂರ ಹದಿನೆಂಟು ಎಂದು ಕೂಗಿದಾಗ ಅತಾಲ್ಲಾ ಇಳಿಯಲಿಲ್ಲ. ಬಾಗಿಲು ತೆಗೆದೆ. ಕೈ ಸ್ಟೀರಿಂಗ್ ಮೇಲೆಯೇ ಇತ್ತು, ತಣ್ಣಗಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯರು ಏನು ಮಾಡುತ್ತಾರೆ? ಕಣ್ಣು ಮುಚ್ಚಿಸುತ್ತಾರೆ, ಮುಖಕ್ಕೆ ಬಟ್ಟೆ ಹೊದಿಸುತ್ತಾರೆ. ನಾವು ಎರಡನೇ ಕೂಗು ಕೇಳಿಸಿಕೊಂಡೆವು. ಸರದಿ ತಪ್ಪಿದರೆ ಆ ಹೆಂಗಸಿಗೆ ಈ ಕೊನೆಯ ಲೋಡಿನ ಬಾಡಿಗೆಯೂ ಇಲ್ಲ. ನನಗೆ ಹೊಳೆದದ್ದು ಅದೊಂದೇ. ಹೊತ್ತುಕೊಳ್ಳಿ ಎಂದವನು ನಾನೇ. ನಾಲ್ವರು ಅವನನ್ನು ಟಾರ್ಪಾಲಿನಲ್ಲಿ ಮಲಗಿಸಿ, ಎದೆಯ ಮೇಲೆ ಲೈಸೆನ್ಸು ಇಟ್ಟು, ಮೂರನೇ ಕೂಗಿಗೆ ಕಿಟಕಿ ಮುಟ್ಟಿಸಿದೆವು.

ಗುಮಾಸ್ತರು ಎದ್ದು ಬಗ್ಗಿ ನೋಡಿದರು. ಲೈಸೆನ್ಸಿನ ಚಿತ್ರ ನೋಡಿದರು. "ಮುಖ ಈ ಕಡೆ ತಿರುಗ್ಸಿ," ಎಂದರು. ತಿರುಗಿಸಿದೆವು. ಹಾಜರು ಎಂದು ಮುದ್ರೆ ಒತ್ತಿ, ಹನ್ನೊಂದು ಇಪ್ಪತ್ತು ಎಂದು ಬರೆದು, "ಮುಂದಿನವರು" ಎಂದರು.

ಮುಂದಿನವನು ನಾನು, ಮಾನ್ಯರೇ. ನನ್ನ ಲೈಸೆನ್ಸು ಚಾಚಿದೆ. ತಮ್ಮ ಕಚೇರಿ ನಮ್ಮನ್ನು ಎಷ್ಟು ಚೆನ್ನಾಗಿ ಪಳಗಿಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಕೇ? ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸತ್ತವನ ಮುಖವನ್ನಾದರೂ ನೋಡಿದರು. ತಾವು ಬದುಕಿರುವವರದ್ದನ್ನೂ ನೋಡಿದವರಲ್ಲ.

ಅತಾಲ್ಲಾನ ಸರಕನ್ನು ಗೆಳೆಯನೊಬ್ಬ ರಾಜಧಾನಿ ಅಮ್ಮಾನಿಗೆ ಮುಟ್ಟಿಸಿದ. ದಲ್ಲಾಳಿ ಎಂದಿನಂತೆ ಮುರಿದುಕೊಂಡು ಕೊಟ್ಟದ್ದು ಮೂರು ದಿನದ ಸೂತಕದ ಕಹಿ ಕಾಫಿಗೂ ಖರ್ಜೂರಕ್ಕೂ ಸರಿಹೋಯಿತು. ಆಮೇಲೆ ಫಿದ್ದಾ ಪಿಂಚಣಿ ಕಚೇರಿಗೆ ಹೋದಳು. ವೈದ್ಯರು ಸಾವು ಸುಮಾರು ಹತ್ತೂವರೆಗೆ ಎಂದು ಬರೆದಿದ್ದರು. ಹತ್ತೂವರೆಗೆ ಸತ್ತವನು ಹನ್ನೊಂದು ಇಪ್ಪತ್ತಕ್ಕೆ ಖುದ್ದು ಹಾಜರಾಗಿ ಲೋಡು ಪಡೆದದ್ದು ಹೇಗೆ? ಎರಡರಲ್ಲಿ ಒಂದು ಕಾಗದ ಸುಳ್ಳು, ಸರಿಪಡಿಸಿಕೊಂಡು ಬನ್ನಿ ಎಂದರು ಪಿಂಚಣಿಯವರು. ಅವಳು ತಮ್ಮ ಮೆಟ್ಟಿಲನ್ನು ಏಳು ಸಲ ಹತ್ತಿದಳು. ಏಳನೇ ಸಲ ತಮ್ಮವರೊಬ್ಬರು ದೊಡ್ಡ ಮನಸ್ಸು ಮಾಡಿ ದಾರಿ ತೋರಿಸಿದರು: "ಹಾಜರಿ ತಿದ್ದೋದಕ್ಕೆ ಅರ್ಜಿ ಕೊಡ್ಬೋದಮ್ಮ. ಆದ್ರೆ ಅದಕ್ಕೆ ಚಾಲಕರ ಸಹಿ ಬೇಕು."

ತಮ್ಮ ಬಾಯಿಂದ ಮುದ್ರೆ ತಪ್ಪೆಂದು ಏಕೆ ಬರುವುದಿಲ್ಲ ಎಂದು ನನಗೆ ಗೊತ್ತಿದೆ. ತಪ್ಪೆಂದರೆ, ತಮ್ಮ ಮೈದಾನದಲ್ಲಿ ಒಬ್ಬ ಕಾದು ಕಾದು ಸತ್ತ ಎಂದು ಒಪ್ಪಿದಂತೆ. ಒಪ್ಪಿದರೆ, ಕಾಯಿಲೆಯವನಿಗೂ ಸರದಿ ಉಳಿಸಬೇಕಾಗುತ್ತದೆ, ಕಾದ ದಿನಕ್ಕೂ ಕೂಲಿ ಕೊಡಬೇಕಾಗುತ್ತದೆ, ಗೋಡೆಯ ದರ ನಮ್ಮ ಕೈಗೆ ಬರಬೇಕಾಗುತ್ತದೆ. ಅದಕ್ಕಿಂತ ಒಬ್ಬ ಸತ್ತವನನ್ನು ಬದುಕಿಸಿಟ್ಟುಕೊಳ್ಳುವುದು ಅಗ್ಗ. ಚಾಲಕರ ಕೊರತೆಯ ಲೆಕ್ಕದಲ್ಲೂ ಒಂದು ತಲೆ ತುಂಬಿದಂತಾಯಿತಲ್ಲ!

ಕಳೆದ ಮಂಗಳವಾರ ಅತಾಲ್ಲಾನ ಫೋನಿಗೆ ತಮ್ಮ ಕಚೇರಿಯ ಸಂದೇಶ ಬಂತು. ಫಿದ್ದಾ ಅದನ್ನು ಇನ್ನೂ ಚಾರ್ಜು ಮಾಡಿ ಇಟ್ಟುಕೊಂಡಿದ್ದಾಳೆ. ತಂದು ನನ್ನ ಮುಂದೆ ಹಿಡಿದಳು. ಚಾಲಕರ ತೀವ್ರ ಕೊರತೆಯ ಕಾರಣ ತಮಗೆ ಸರದಿ ಕಾಯದೆ ಲೋಡು ನೀಡಲಾಗುವುದು, ಕೂಡಲೇ ಖುದ್ದು ಹಾಜರಾಗತಕ್ಕದ್ದು ಎಂದಿತ್ತು.

"ಇವ್ರಿಗೆ ಏನಂತ ಬರೀಲಿ ಅಣ್ಣಾ? ಹೊರಟಿದಾರೆ, ದಾರೀಲಿದಾರೆ ಅನ್ಲಾ?" ಎಂದಳು. ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ.

ಸ್ವಲ್ಪ ತಾಳಮ್ಮ, ನಾನು ಬರೆಯುತ್ತೇನೆ ಎಂದೆ. ಆ ಮನೆಯವರಿಗೆ ತಾಳು ಎಂದದ್ದು ಇದು ಎರಡನೇ ಸಲ. ಮೂರನೇ ಸಲ ಹೇಳಲು ನನಗೆ ಮುಖವಿಲ್ಲ.

ಆದುದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಹದಿನೈದು ದಿನದೊಳಗೆ ತಮ್ಮ ಕೈಯಾರೆ ಒಂದು ಸಾಲು ಬರೆದು ಫಿದ್ದಾಳ ಮನೆಗೆ ಮುಟ್ಟಿಸಿ: ಅತಾಲ್ಲಾ ನಮ್ಮ ಮೈದಾನದಲ್ಲಿ ಸರದಿ ಕಾಯುತ್ತ ಸತ್ತ, ಹಾಜರಿಯ ಮುದ್ರೆಯನ್ನು ಹೆಣಕ್ಕೆ ಒತ್ತಲಾಗಿದೆ. ಆಗದಿದ್ದರೆ ಹದಿನಾರನೇ ದಿನ ತಮ್ಮ ಸಂದೇಶವನ್ನು ನಾವು ಶಿರಸಾವಹಿಸಿ ಪಾಲಿಸುತ್ತೇವೆ. ಖುದ್ದು ಹಾಜರಿ ಬೇಕೆಂದಿದ್ದೀರಿ. ಖಬರಸ್ತಾನದ ಮೂರನೇ ಸಾಲು ಗೊತ್ತಿದೆ, ಟಾರ್ಪಾಲು ನನ್ನ ಲಾರಿಯಲ್ಲೇ ಇದೆ, ಹೊತ್ತ ನಾಲ್ವರೂ ಬದುಕಿದ್ದಾರೆ. ಮುಖ ಯಾವ ಕಡೆ ತಿರುಗಿಸಬೇಕೆಂದು ಈ ಸಲ ತಾವೇ ಬಂದು ಹೇಳಬೇಕು.

ಇಂತಿ,
ನಾಲ್ಕೇ ಗಾಡಿ ಎಂದು ನಂಬಿಸಿದ,
ಮುತ್ಲಕ್, ಮಆನ್
ಸರದಿ ಸಂಖ್ಯೆ ಮುನ್ನೂರ ಹತ್ತೊಂಬತ್ತು