ಸ್ನಾನದ ಹಾಡಿನ ಮೂರನೆಯ ಸಾಲು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚು ಮಾಡಿಕೊಳ್ಳಬೇಡಿ. ಫೋನ್ ಮಾಡಿದರೆ "ಚೆನ್ನಾಗಿದೀನಮ್ಮ" ಅಂದು ಅವಳ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಮಗನಿಗೆ ಮಾತ್ರ ಎರಡು ವಾರದಿಂದ ನನ್ನ ಅಡುಗೆಯೇ ಗತಿ, ಪಾಪ.

ನೀವು ಹೋದದ್ದು ಮೊಣಕಾಲಿಗಾಗಿ ಅಲ್ಲವೆಂದು ನನಗೆ ಗೊತ್ತು. ಅಂದು ನೀವು ಪುಟ್ಟಿಗೆ ಸ್ನಾನದ ಹಾಡು ಹಾಡುತ್ತಿದ್ದಾಗ, ನನ್ನ ಹತ್ತಿರ ಪಿಟೀಲು ಪಾಠಕ್ಕೆ ಬಂದ ಹುಡುಗಿಯರ ಎದುರಿಗೇ "ಶ್ರುತಿ ತಪ್ತಿದೆ ಅತ್ತೆ, ಮಗು ಕಿವಿ ಕೆಡುತ್ತೆ" ಅಂದುಬಿಟ್ಟೆ. "ಆಗ್ಲಮ್ಮ, ಇನ್ ಹಾಡಲ್ಲ" ಅಂದಿರಿ, ಮಾರನೆಯ ದಿನವೇ ಹೊರಟಿರಿ. ಎಲುಬಿಲ್ಲದ ನಾಲಿಗೆ ನನ್ನದು. ನಿಮ್ಮನ್ನು ತಡೆಯಲೂ ಇಲ್ಲ.

ಅಂದಿನಿಂದ ಪುಟ್ಟಿ ಕುಣಿಯುವುದನ್ನೇ ಬಿಟ್ಟಳು. ನಾನೋ, ಹನ್ನೆರಡು ವರ್ಷ ಪಾಠ ಹೇಳಿದವಳು! ದಿನಾ ಬೆಳಿಗ್ಗೆ ಚಾಪೆ ಹಾಸಿ ನಿಮ್ಮ ಆ ಹಾಡನ್ನೇ ಪಿಟೀಲಿನಲ್ಲಿ ಅಚ್ಚುಕಟ್ಟಾಗಿ ನುಡಿಸಿದೆ. ಗಿಲಕಿ ಕೊಟ್ಟೆ, ತೊಡೆ ತಟ್ಟಿದೆ, ಎತ್ತಿಕೊಂಡು ಕೋಣೆಯೆಲ್ಲ ಸುತ್ತಿದೆ. ಹತ್ತು ತಿಂಗಳ ಕೂಸು ತನಿಖೆಗೆ ಬಂದ ಅಧಿಕಾರಿಯ ಹಾಗೆ ನೋಡಿ ಆಕಳಿಸಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಹಲ್ಲು ಬರ್ತಿರ್ಬೇಕು" ಅಂತ ನಿಮ್ಮ ಮಗನಿಗೆ ಹೇಳಿದೆ. ನಿನ್ನೆ ಅವಳನ್ನು ಟಬ್ಬಿನಲ್ಲಿ ಕೂರಿಸಿ ಹಾಡುತ್ತ ನೀರು ಹೊಯ್ಯುವಾಗ ಸೋಪು ಜಾರಿತು. ಹಿಡಿಯಹೋಗಿ ಮೂರನೆಯ ಸಾಲಿನಲ್ಲಿ ನನ್ನ ದನಿ ಎಲ್ಲಿಗೋ ಏರಿ ಕೀರಲಾಯಿತು, ಥೇಟ್ ನಿಮ್ಮ ಹಾಗೆ. ಅಯ್ಯೋ ಅತ್ತೆ! ಕಿಲಕಿಲ ನಕ್ಕು, ಎರಡೂ ಕೈಯಿಂದ ನೀರು ಬಡಿದು, ಕೂತಲ್ಲೇ ಕುಣಿದು, ಆಮೇಲೆ ಬಾಗಿಲ ಕಡೆ ತಿರುಗಿ ನಿಮ್ಮನ್ನು ಹುಡುಕಿದಳು. ನನಗೆ ಅಳು ತಡೆಯಲಾಗಲಿಲ್ಲ.

ಅವಳಿಗೆ ಹಾಡು ಅಂದರೇನು, ಕುಣಿತ ಅಂದರೇನು ಅಂತ ಮೊದಲು ತೋರಿಸಿದವರು ನೀವು. ನಾನು ಊರವರ ಮಕ್ಕಳಿಗೆ ತಾಳ ಹೇಳಿಕೊಡುತ್ತಿದ್ದಾಗ, ನೋಯುವ ಕಾಲಿನಲ್ಲೇ ನನ್ನ ಮಗಳ ಜೊತೆ ಹೆಜ್ಜೆ ಹಾಕಿದವರೂ ನೀವೇ. ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಎಷ್ಟು ನೆನೆದರೂ ಸಾಲದು ಅತ್ತೆ. ತಪ್ಪಾಯಿತು.

ನಾದಿನಿಗೂ ಅವಳ ಯಜಮಾನರಿಗೂ ಕೇಳಿದೆನೆಂದು ಹೇಳಿ. ಪುಟ್ಟಿಯ ಒದ್ದೆ ಮುತ್ತು ನಿಮಗೆ.

ಇತಿ,
ನಿಮ್ಮ ಸೊಸೆ

ಮರೆತಿದ್ದೆ: ಶನಿವಾರ ಬೆಳಗಿನ ಬಸ್ಸಿಗೆ ನಾನೂ ಪುಟ್ಟಿಯೂ ನಿಮ್ಮನ್ನು ಕರೆತರಲು ಬರುತ್ತಿದ್ದೇವೆ. ಸೋಪು ಜಾರದೆ ಆ ಸಾಲು ನನಗೆ ಮತ್ತೆ ಬರುತ್ತಿಲ್ಲ, ನೀವೇ ಕಲಿಸಬೇಕು. ತಪ್ಪು ಹಾಡಿದರೆ, ಅಲ್ಲಿ ಯಾರೇ ಇರಲಿ, ಎಲ್ಲರ ಎದುರಿಗೇ ನನ್ನನ್ನು ತಿದ್ದಿ.