ಅಗೆಯಬಾರದ ಮಣ್ಣು

ಮಾರ್ಚ್ 4, ಬೆಳಿಗ್ಗೆ

ದನಗಳನ್ನು ಮೇಲಿನ ಹುಲ್ಲುಗಾವಲಿಗೆ ದಾಟಿಸಿದ್ದಾಯಿತು. ತಂತಿ ಬೇಲಿ ಎಳೆದು ಎಳೆದು ಅಂಗೈ ಉರಿ. ದಿನಾ ಹೊಸ ತುಂಡಿನಲ್ಲಿ ಮೇಯಬೇಕು, ಹಳೆಯದು ಚಿಗುರಬೇಕು — ಅಪ್ಪನ ಕಾನೂನು. ಹುಲ್ಲು ಗಾಳಿಯಲ್ಲಿರೋ ಕಾರ್ಬನ್ ಎಳೆದುಕೊಂಡು ಬೇರಿನಿಂದ ಮಣ್ಣಿಗಿಳಿಸುತ್ತದಂತೆ. ಅಗೆದರೆ ಮತ್ತೆ ಗಾಳಿಪಾಲು. ಅದಕ್ಕೇ ಇಪ್ಪತ್ತು ವರ್ಷ ಗುದ್ದಲಿ ತಾಗಿಸಲ್ಲ ಅಂತ ಅಪ್ಪ, ಮಣ್ಣಲ್ಲಿ ಕಾರ್ಬನ್ ಕೂಡಿಟ್ಟರೆ ದುಡ್ಡು ಕೊಡೋ ಕಂಪನಿಯ ಅಗ್ರಿಮೆಂಟಿಗೆ ಸಹಿ ಹಾಕಿದ್ದು. ಎಂಟು ವರ್ಷ ಆಯಿತು.

ಹಾಸಿಗೆ ಹಿಡಿದಿರೋ ಅಪ್ಪ ಇವತ್ತು ಮಲಗಿದಲ್ಲಿಂದಲೇ ಅಂದರು: "ನಾನು ಹೋದ್ಮೇಲೆ ಮೇಲಿನ ಹುಲ್ಲಲ್ಲೇ ಮಣ್ಣು ಮಾಡಿ."

ತಮಾಷೆಯಾ? ನನ್ನ ತಲೆ ಕೆಟ್ಟಿದೆ.

ಮಾರ್ಚ್ 6

ತಮಾಷೆ ಅಲ್ಲ. "ಅಲ್ಲಿ ಅಗೆಯೋ ಹಾಗಿಲ್ವಲ್ಲಪ್ಪಾ, ನೀವೇ ಸಹಿ ಹಾಕಿದ್ದು" ಅಂದೆ.

"ಸಹಿನೂ ನಂದೇ, ಆಸೆನೂ ನಂದೇ. ಯಾವ್ದು ನಡೆಸ್ಬೇಕೋ ನೀನೇ ನೋಡ್ಕೊ." ನಕ್ಕರು, ಕೆಮ್ಮಿದರು. "ನಾನೂ ಕಾರ್ಬನ್ನೇ ಕಣೇ. ಲೆಕ್ಕಕ್ಕೆ ಸೇರಿಸ್ಕೊಳ್ಳಲಿ."

ಸಿಟ್ಟು ಬಂತು. ಇಂಥ ಹೊತ್ತಲ್ಲಿ ಸಿಟ್ಟು ಬರಬಹುದಾ?

ಮಾರ್ಚ್ 7

ಅಣ್ಣ ಸುತಾರಾಂ ಒಪ್ಪಲ್ಲ. "ಅಪ್ಪ ಇಲ್ಲೀವರೆಗೂ ಮಾತು ತಪ್ಪಿಲ್ಲ. ಸತ್ಮೇಲೆ ನಾವು ತಪ್ಸೋದಾ?" ನಿನ್ನೆ ಆಗಲ್ಲ ಅಂದಿದ್ದ ನಾನೇ ಇವತ್ತು ಕೊನೇ ಆಸೆಗೆ ಬೆಲೆ ಇಲ್ವಾ ಅಂದೆ. ಇಬ್ಬರೂ ಮುಖ ಊದಿಸಿಕೊಂಡೇ ಊಟ ಮಾಡಿದೆವು.

ಕಂಪನಿಯಿಂದ ಮಣ್ಣು ಪರೀಕ್ಷೆಗೆ ಬರುವ ಮೇಡಂಗೆ ಫೋನ್ ಮಾಡಿದೆ. ಅಗ್ರಿಮೆಂಟ್ ತೆಗೆದು ಓದಿದರು. "ಉಳುಮೆ ಬಗ್ಗೆ ಬರ್ದಿದೆ, ಬಾವಿ ಬಗ್ಗೆ ಬರ್ದಿದೆ. ಇದು... ಗೊತ್ತಿಲ್ಲಮ್ಮ."

ಇನ್ನು ಯಾರನ್ನು ಕೇಳಲಿ.

ಮಾರ್ಚ್ 15

ಅಪ್ಪ ಹೋದರು.

ದನಗಳು ಬೇಲಿ ಹತ್ತಿರ ಕಾಯ್ತಿದ್ದವು. ಹೋಗಿ ದಾಟಿಸಿ ಬಂದೆ.

ಮಾರ್ಚ್ 15, ಮಧ್ಯಾಹ್ನ

ಅಣ್ಣನೇ ಗುದ್ದಲಿ ಹಿಡಿದು ಬಂದ. "ಕೊನೇ ಆಸೆ, ಇಲ್ಲ ಅನ್ನೋಕೆ ಆಗ್ತಿಲ್ಲ. ಎಲ್ಲಿ ಅಂತ ತೋರ್ಸು." ನನಗೆ ಸಮಾಧಾನ ಆಗಬೇಕಿತ್ತು.

ಹುಲ್ಲಿನ ಹೆಂಟೆ ಎತ್ತಿದ. ಕೆಳಗೆಲ್ಲ ಬೇರೋ ಬೇರು. ಮಣ್ಣು ಕಪ್ಪಗೆ, ಮೆತ್ತಗೆ, ಕೈಗೆ ತಂಪು. ನಾನು ಚಿಕ್ಕವಳಿದ್ದಾಗ ಅಲ್ಲಿ ಹಾರೆಯೂ ಇಳೀತಿರಲಿಲ್ಲ. ಅಪ್ಪ ಎಂಟು ವರ್ಷ ಕೂಡಿಟ್ಟಿದ್ದು ಕಣ್ಣಿಗೆ ಕಂಡಿದ್ದು ಇವತ್ತು, ಅದನ್ನು ಒಡೆಯುವಾಗ.

"ಸಾಕು, ನಿಲ್ಸು" ಅಂದೆ. ಅಷ್ಟು ಜಗಳ ಆಡಿದ ನಾನೇ.

ಅಣ್ಣ ಮೊಣಕಾಲುದ್ದದ ಗುಂಡಿಯಲ್ಲಿ ನಿಂತು ನನ್ನನ್ನೇ ನೋಡಿದ. "ಈಗ ಹೇಳ್ತೀಯಾ? ಅಗೀಲಾ, ಮುಚ್ಲಾ?"

ನೀರು ತರ್ತೀನಿ ಅಂತ ಮನೆಗೆ ಓಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣ್ತಾನೆ, ಗುಂಡಿ ಅಂಚಿನಲ್ಲಿ ಕೂತಿದ್ದಾನೆ. ಒಳಕೋಣೆಯಲ್ಲಿ ಅಪ್ಪ. ಇಬ್ಬರೂ ನನಗೇ ಕಾಯ್ತಿದ್ದಾರೆ. ಎದ್ದು ಹೋಗಿ ಹೇಳಬೇಕು. ಅಣ್ಣಾ —